ಕಿಟಕಿಯಲ್ಲೊಬ್ಬ ಹೊಸ ಅಳಿಯ

ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಹೋದ ರಾಯರು ಲಾಲ್‌ಬಾಗಿನ ಗಾಜಿನ ಮನೆ ನೋಡಿ, ಮಸಾಲೆ ಹಚ್ಚಿದ ಸೌತೆಕಾಯಿ ತಿಂದು ಮನೆಗೆ ಬರಬಹುದಿತ್ತು. ಆದರೆ ಮಳಿಗೆಯೊಂದರಲ್ಲಿ ಬಿಳಿ ಹೂಗಳ ಫೆಲನಾಪ್ಸಿಸ್ ಆರ್ಕಿಡ್ ಕಣ್ಣಿಗೆ ಬಿತ್ತು. ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ರಾಯರು ಅಂದು ತುಟಿ ಬಿಚ್ಚದೆ ದುಡ್ಡು ಎಣಿಸಿದರು.

ಮನೆಗೆ ಬಂದ ಗಿಡಕ್ಕೆ ಹೊಸ ಅಳಿಯನ ಉಪಚಾರ ಶುರುವಾಯಿತು. ಆ ಉಪಚಾರದ ಸ್ವಂತ ಅನುಭವ ರಾಯರಿಗಿತ್ತು: ಸಾಕೆಂದರೂ ಬಡಿಸುವುದು. ಬೆಳಿಗ್ಗೆ ಒಂದು ಲೋಟ ನೀರು, ಸಂಜೆ ಇನ್ನೊಂದು. ಕುಂಡದೊಳಗೆ ಬರೀ ತೊಗಟೆ ಚೂರುಗಳಿರುವುದು ಕಂಡು ಅವರ ಕರುಳು ಚುರುಕ್ಕೆಂದಿತು. ಕೆಂಪು ಮಣ್ಣು, ಸಗಣಿ ಗೊಬ್ಬರ ತುಂಬಿದರು. ಎಲೆ ಹಳದಿಯಾಯಿತು. ರಾಯರು ನೀರನ್ನು ಮೂರು ಹೊತ್ತಿಗೆ ಏರಿಸಿದರು.

ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಅತ್ತೆ ಬಂದರು. ಕುಂಡ ಮಗುಚಿದರೆ ಅರ್ಧ ಬೇರು ಕೊಳೆತು ಮೆತ್ತಗಾಗಿತ್ತು.

"ನಮ್ಮ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಹೂ ಬಿಡುತ್ತಲ್ಲ, ಅದಕ್ಕೆ ಯಾರು ಮರ ಹತ್ತಿ ನೀರು ಹೊಯ್ತಾರೆ ಮಾರಾಯ್ರೆ?"

ಪಾಠ ಅಷ್ಟರಲ್ಲೇ ಮುಗಿದಿತ್ತು. ಮಳೆಗಾಲದ ಹೊಸ್ತಿಲಲ್ಲಿ ಜಡೆಯಂತೆ ಹೂಗೊಂಚಲು ಇಳಿಬಿಡುವ ಸೀತಾಳೆ ದಂಡೆಯೂ ಆಗ್ನೇಯ ಏಷ್ಯಾ ಕಾಡುಗಳ ಫೆಲನಾಪ್ಸಿಸ್ಸೂ ಮರದ ಮೇಲೆ ಬಿಡಾರ ಹೂಡಿದ ಒಂದೇ ಬಳಗದವು. ಬಂದಳಿಕೆಯ ಹಾಗೆ ಮರದ ರಸ ಹೀರುವವಲ್ಲ. ಬೇರಿನ ಸ್ಪಂಜಿನಂಥ ಹೊದಿಕೆ ಮಳೆನೀರು ಹೀರಿ ಮತ್ತೆ ಗಾಳಿಗೆ ಒಣಗಬೇಕು. ಮಣ್ಣಲ್ಲಿ ಹೂತರೆ ಉಸಿರು ಕಟ್ಟುತ್ತದೆ. ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದರೆ ಬಾಯಾರಿದೆ ಎಂದರ್ಥ, ಹಸಿರಾಗಿದ್ದರೆ ಹೊಟ್ಟೆ ತುಂಬಿದೆ.

ಕೊಳೆತದ್ದನ್ನು ಕತ್ತರಿಸಿ, ಮತ್ತೆ ತೊಗಟೆಯಲ್ಲೇ ನೆಟ್ಟು, ಬಿರುಬಿಸಿಲು ತಾಗದ ಪೂರ್ವದ ಕಿಟಕಿಯಲ್ಲಿಟ್ಟದ್ದಾಯಿತು. ವಾರಕ್ಕೊಮ್ಮೆ ನೀರು, ಅದೂ ಎಲೆಗಳ ನಡುವಿನ ಸುಳಿಯಲ್ಲಿ ನಿಲ್ಲದಂತೆ. ಮಿಕ್ಕ ಆರು ದಿನ ರಾಯರು ಖಾಲಿ ಲೋಟ ಹಿಡಿದು ಹಜಾರದಲ್ಲಿ ಶತಪಥ ಹಾಕಿದರು.

ಮರುವರ್ಷ ಡಿಸೆಂಬರಿನ ಚಳಿಗೆ ಗಿಡ ನಡುಗೀತೆಂದು ಮಫ್ಲರ್ ಹುಡುಕುತ್ತಿದ್ದಾಗ ಅತ್ತೆಯ ಫೋನು ಬಂತು: ಕಿಟಕಿ ಮುಚ್ಚಬೇಡಿ. ರಾತ್ರಿಯ ಉಷ್ಣಾಂಶ ಕೆಲವು ವಾರ 18 ಡಿಗ್ರಿಯ ಆಸುಪಾಸಿಗೆ ಇಳಿದರೆ ಈ ಆರ್ಕಿಡ್ ಹೂದಂಟು ಹೊರಡಿಸುತ್ತದೆ. ಬೆಂಗಳೂರಿನ ಚಳಿ ಆ ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟಿತು.

ಹೂವರಳಿ ಎರಡು ತಿಂಗಳಾಯಿತು, ಇನ್ನೂ ಬಾಡಿಲ್ಲ. ನೀರಿನ ಲೋಟ ಮಡದಿಯ ಬೀರುವಿನಲ್ಲಿದೆ. ಬೀಗದ ಕೈ ರಾಯರಿಗೆ ಭಾನುವಾರ ಮಾತ್ರ ಸಿಗುತ್ತದೆ.