ಹಾಸನ ಸೀಮೆಯ ಹಳೇ ವಿದ್ಯಾರ್ಥಿ ಸಮ್ಮಿಲನಗಳು: ಉಗಮ, ಲಕ್ಷಣ ಹಾಗೂ ಪ್ರಭೇದ

ಒಂದೇ ಪ್ರೌಢಶಾಲೆಯಿಂದ ಒಂದೇ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತು, ಆಮೇಲೆ ಇಪ್ಪತ್ತೈದು ಮೂವತ್ತು ವರ್ಷ ಒಬ್ಬರ ಸುದ್ದಿ ಒಬ್ಬರು ವಿಚಾರಿಸದೆ ನೆಮ್ಮದಿಯಾಗಿದ್ದ ಜನ, ಒಂದು ಭಾನುವಾರ ಒಂದೇ ಬಣ್ಣದ ಟೀ ಶರ್ಟು ತೊಟ್ಟು, ಗಂಡಸರಾದರೆ ಹೊಟ್ಟೆಯನ್ನು ಸಾಧ್ಯವಾದಷ್ಟು ಒಳಗೆಳೆದುಕೊಂಡು, ಒಂದೆಡೆ ಕೂಡುವ ಕ್ರಿಯೆಗೆ ‘ಸ್ನೇಹ ಸಮ್ಮಿಲನ’ವೆಂದೂ, ಅದೇ ಕ್ರಿಯೆಯಲ್ಲಿ ನಿವೃತ್ತ ಶಿಕ್ಷಕರನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿ ಮೈಸೂರು ಪೇಟ ತೊಡಿಸಿದರೆ ‘ಗುರುವಂದನೆ’ಯೆಂದೂ ಹೆಸರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಇವೆರಡೂ ಬೆರೆತ ಮಿಶ್ರ ಪ್ರಭೇದವೇ ಹೆಚ್ಚಾಗಿ ಕಾಣಸಿಗುತ್ತದೆ; ಬರಿಯ ಸ್ನೇಹದ ಹೆಸರಿನಲ್ಲಿ ಚಂದಾ ಎತ್ತುವುದು ಕಷ್ಟವೆಂದೂ, ಗುರುಗಳ ಹೆಸರು ಎತ್ತಿದೊಡನೆ ಕೊಡದವನಿಗೆ ಪಾಪಭೀತಿ ಹುಟ್ಟುತ್ತದೆಂದೂ ಈ ಸೀಮೆಯವರು ಬಹು ಹಿಂದೆಯೇ ಕಂಡುಕೊಂಡಿರುವುದು ಅದಕ್ಕೆ ಕಾರಣ.

ಈ ಸಂಪ್ರದಾಯದ ಪ್ರಾಚೀನತೆಯನ್ನು ಅರಿಯಲು ಶಾಸನಗಳಿಂದ ತೊಡಗುವುದೇ ಕ್ರಮ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ಎಣಿಸಲಾಗುವ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನ ದೊರೆತದ್ದು ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವೊಂದರಲ್ಲೇ ಐನೂರಕ್ಕೂ ಹೆಚ್ಚು ಶಾಸನಗಳಿವೆ. ತಮ್ಮ ಹೆಸರನ್ನು ಗಟ್ಟಿ ವಸ್ತುವಿನ ಮೇಲೆ ಕೊರೆದು ಮುಂದಿನವರಿಗೆ ಬಿಟ್ಟುಹೋಗುವ ಈ ಜಿಲ್ಲೆಯ ಚಟ ಗಂಗ ಹೊಯ್ಸಳರೊಂದಿಗೆ ಮುಗಿಯಲಿಲ್ಲವೆಂಬುದಕ್ಕೆ ಸರ್ಕಾರಿ ಪ್ರೌಢಶಾಲೆಗಳ ಮರದ ಬೆಂಚುಗಳೇ ಸಾಕ್ಷಿ. ಜ್ಯಾಮಿತಿ ಪೆಟ್ಟಿಗೆಯ ಕೈವಾರದಿಂದ ಕೊರೆದ ಈ ಬರಹಗಳನ್ನು ಪ್ರಸ್ತುತ ಪ್ರಬಂಧವು ‘ಬೆಂಚು ಶಾಸನ’ವೆಂದು ಕರೆಯುತ್ತದೆ. ಇವುಗಳಲ್ಲಿ ದಾನಶಾಸನ ಇಲ್ಲವೇ ಇಲ್ಲ, ಶಾಪಾಶಯ ಮಾತ್ರ ಧಾರಾಳವಾಗಿದ್ದು, ಅದು ಬಹುತೇಕ ಗಣಿತದ ಮೇಷ್ಟ್ರನ್ನು ಉದ್ದೇಶಿಸಿದ್ದಾಗಿದೆ. ಸಮ್ಮಿಲನದ ದಿನ ಹಳೆಯ ಕೊಠಡಿಗೆ ನುಗ್ಗಿ ತಮ್ಮ ಶಾಸನವನ್ನು ಹುಡುಕುವವರಿಗೆ ಅಲ್ಲಿ ಕಬ್ಬಿಣದ ಡೆಸ್ಕು ಎದುರಾಗುತ್ತದೆ. ಶಾಸನ ಬಿಸಿಯೂಟದ ಒಲೆಗೆ ಸೌದೆಯಾಯಿತೆಂಬ ಊಹೆ ಇದ್ದರೂ ಅದಕ್ಕೆ ದೃಢವಾದ ಆಧಾರವಿಲ್ಲ.

ಇತಿಹಾಸವನ್ನು ಮೂರು ಯುಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಆಕಸ್ಮಿಕ ಯುಗ. ಸಹಪಾಠಿಗಳು ಮದುವೆಯ ಪಂಕ್ತಿಯಲ್ಲೋ, ಬೂಕನಬೆಟ್ಟದ ದನಗಳ ಜಾತ್ರೆಯಲ್ಲೋ, ಆಶ್ವಯುಜದಲ್ಲಿ ಕೆಲವೇ ದಿನ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನದ ಸಾಲಿನಲ್ಲೋ ಎದುರುಬದುರಾಗಿ, “ಎಲ್ಲಿದ್ದೀಯ ಈಗ?” ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಸಾಲು ಮುಂದೆ ಸರಿದು, ಮುಂದಿನ ವರ್ಷದವರೆಗೆ ಬೇರ್ಪಡುತ್ತಿದ್ದ ಕಾಲವದು. ಎರಡನೆಯದು 2004ರಿಂದ 2014ರವರೆಗಿನ ಆರ್ಕುಟ್ ಯುಗ. ಇದು ಬೆಂಗಳೂರು ಸೇರಿದ್ದ ಕೆಲವರಿಗಷ್ಟೇ ಲಭ್ಯವಾಗಿದ್ದರಿಂದ ಹೆಚ್ಚಿನ ವಿವರಣೆಗೆ ಅರ್ಹವಲ್ಲ. ಮೂರನೆಯದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಸಿಮ್ಮು ಬಂದು, ತೋಟದ ಮೋಟರು ಮನೆಯವರೆಗೂ ಇಂಟರ್ನೆಟ್ಟು ಬಿಟ್ಟಿಯಾಗಿ ಹರಿದ ಮೇಲಿನ ವಾಟ್ಸಾಪ್ ಯುಗ. ಮರುವರ್ಷ ಹಾಸನ ಬೆಂಗಳೂರು ನಡುವಿನ ನೇರ ರೈಲು ಮಾರ್ಗವೂ ತೆರೆಯಿತು. ಚನ್ನರಾಯಪಟ್ಟಣಕ್ಕೆ ಆ ಮಾರ್ಗ, ಹೊಳೆನರಸೀಪುರಕ್ಕೆ ಹಿಂದಿನಿಂದಲೂ ಮೈಸೂರು ಮಾರ್ಗ ಒದಗಿದ್ದು, ಅರಕಲಗೂಡಿಗೆ ಮಾತ್ರ ರೈಲೇ ಇಲ್ಲ. ಸಮ್ಮಿಲನಗಳಿಗೆ ಅರಕಲಗೂಡಿನವರು ಸದಾ ತಡವಾಗಿ ಬರುವುದಕ್ಕೆ ಅವರು ಕೊಡುವ ಕಾರಣ ಇದೇ, ಕಾರಿನಲ್ಲಿ ಬಂದಾಗಲೂ.

ಸಂಶೋಧಕರಿಗೆ ಅತ್ಯಂತ ಕುತೂಹಲಕರವಾದ ಘಟ್ಟ ಹುಡುಕಾಟದ್ದು. ಹಾಸನದಲ್ಲಿ 1982ರಿಂದ ಇಸ್ರೋದ ಎಂ.ಸಿ.ಎಫ್. ಇದೆ, ಅಂದರೆ ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹಗಳು ದಾರಿ ತಪ್ಪದಂತೆ ಹಗಲಿರುಳು ಕಾಯುವ ನಿಯಂತ್ರಣ ಕೇಂದ್ರ. ಅಷ್ಟು ದೂರದ್ದನ್ನು ಹಿಡಿದಿಟ್ಟ ಊರಿಗೆ ‘ಹತ್ತನೇ ಬಿ’ ವಿಭಾಗದ ಮೂವರು ಮಂಜುನಾಥರು ಈಗ ಎಲ್ಲಿದ್ದಾರೆಂದು ಪತ್ತೆ ಹಚ್ಚಲಾಗುವುದಿಲ್ಲ. ಹೆಸರಿಗಿಂತ ಇನಿಷಿಯಲ್ಲು ಮುಖ್ಯವಾಗುವುದು ಇಲ್ಲಿಯೇ. ಅ.ನ. ಕೃಷ್ಣರಾಯರ ‘ಅ’ ಅರಕಲಗೂಡನ್ನೂ, ಎಚ್.ಡಿ. ದೇವೇಗೌಡರ ‘ಎಚ್’ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯನ್ನೂ ಹೇಳುವಂತೆ, ಈ ಸೀಮೆಯವರ ಮೊದಲ ಅಕ್ಷರ ಸಾಮಾನ್ಯವಾಗಿ ಊರಿನದು. ಆದರೆ ಅದೇ ‘ಎಚ್’ ಹಾಸನವೂ ಆಗಬಹುದು, ಹೊಳೆನರಸೀಪುರವೂ ಆಗಬಹುದು, ಹೊಸಹಳ್ಳಿ ಎಂಬ ಹೆಸರಿನ ಅಸಂಖ್ಯ ಊರುಗಳಲ್ಲಿ ಯಾವುದಾದರೂ ಆಗಬಹುದು. ಶಾಲೆಯ ದಾಖಲಾತಿ ಪುಸ್ತಕ ತೆರೆಸಿದರೂ ಪೂರ್ಣ ಪ್ರಯೋಜನವಿಲ್ಲ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಎಷ್ಟೋ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದ್ದರಿಂದ, ಹಿರಿಯ ಬ್ಯಾಚುಗಳ ಕೆಲವರ ವಿಳಾಸ ಈಗ ಜಲಾಶಯದ ತಳದಲ್ಲಿದೆ. ಶೆಟ್ಟಿಹಳ್ಳಿಯ ಹಳೆಯ ಚರ್ಚಾದರೂ ಬೇಸಿಗೆಯಲ್ಲಿ ತಲೆಯೆತ್ತಿ ತಾನಿರುವ ಜಾಗ ತೋರಿಸುತ್ತದೆ, ಸಹಪಾಠಿಗಳು ತೋರಿಸುವುದಿಲ್ಲ.

ಹುಡುಗಿಯರ ಪತ್ತೆ ಇನ್ನೂ ಜಟಿಲ. ಅವರ ಹೆಸರಿನ ಮುಂದಿನ ಅಕ್ಷರ ತಂದೆಯ ಊರಿನದು, ವಾಸ ಗಂಡನ ಊರಿನಲ್ಲಿ, ಫೋನು ಅನೇಕ ವೇಳೆ ಗಂಡನ ಹೆಸರಿನಲ್ಲಿ. ಆದಕಾರಣ ಅವರನ್ನು ತವರಿನ ಅಣ್ಣನ ಮೂಲಕ, ಅಣ್ಣ ಕೊಡದಿದ್ದರೆ ಅತ್ತಿಗೆಯ ಮೂಲಕ ತಲುಪಬೇಕಾಗುತ್ತದೆ. “ಯಾಕೆ ಬೇಕಿತ್ತು ನಂಬರು?” ಎಂಬ ಪ್ರಶ್ನೆಗೆ ಐವತ್ತು ದಾಟಿದ, ಮಗಳ ಮದುವೆ ಮಾಡಿ ಮುಗಿಸಿದ ಗೃಹಸ್ಥನೂ ಫೋನಿನಲ್ಲಿ ತೊದಲುತ್ತಾನೆಂಬುದು ಗಮನಾರ್ಹ. ಗಂಡುಗಳ ಪಟ್ಟಿ ಒಂದು ತಿಂಗಳಲ್ಲಿ ತುಂಬಿದರೆ ಹೆಣ್ಣುಗಳ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ, ಹಾಗೂ ಆ ಅರ್ಧವನ್ನು ತುಂಬಿಸುವವಳು ಯಾವಾಗಲೂ ಊರಿನಲ್ಲೇ ಶಿಕ್ಷಕಿಯಾಗಿಯೋ ಅಂಗನವಾಡಿ ಕಾರ್ಯಕರ್ತೆಯಾಗಿಯೋ ಇರುವ ಒಬ್ಬಾಕೆ.

ಗುಂಪು ರಚನೆಯಾದ ಬಳಿಕ ಸಂಭವಿಸುವ ಮೊದಲ ಮಹೋತ್ಸವ ಜೂನ್ 1. ಹುಟ್ಟಿದ ದಿನ ಗೊತ್ತಿರದ ತಂದೆ ತಾಯಿ ಮಗುವನ್ನು ಶಾಲೆಗೆ ಸೇರಿಸಲು ಬಂದಾಗ, ಮೇಷ್ಟ್ರು ವಯಸ್ಸಿಗೆ ಸರಿಹೊಂದುವಂತೆ ಜೂನ್ ಒಂದನ್ನೇ ಬರೆದುಕೊಂಡದ್ದರಿಂದ, ಹಳ್ಳಿಗಳಿಂದ ಬಂದವರಲ್ಲಿ ದೊಡ್ಡ ಪಾಲಿನವರು ಅಂದೇ ಜನಿಸಿದ್ದಾರೆ. ಅವರ ತಾಯಂದಿರ ಪ್ರಕಾರ ಒಬ್ಬ ಹುಟ್ಟಿದ್ದು ರಾಗಿ ಕುಯ್ಲಿನಲ್ಲಿ, ಮತ್ತೊಬ್ಬ ಯುಗಾದಿಯ ಮಾರನೆಯ ದಿನ ಎಂಬುದು ಬೇರೆ ವಿಷಯ. ಕಾಕತಾಳೀಯವೆಂಬಂತೆ ಹರದನಹಳ್ಳಿಯ ದೇವೇಗೌಡರು 1996ರಲ್ಲಿ ದೇಶದ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಜೂನ್ 1ರಂದೇ. ಹೀಗಾಗಿ ಆ ದಿನ ಬೆಳಿಗ್ಗೆ ಕೇಕಿನ ಚಿತ್ರಗಳೊಂದಿಗೆ ಆರಂಭವಾದ ಶುಭಾಶಯ ಸಂಜೆಯ ಹೊತ್ತಿಗೆ ರಾಜಕೀಯಕ್ಕೆ ತಿರುಗುವುದು ಅನಿವಾರ್ಯ. ‘ಇಲ್ಲಿ ರಾಜಕೀಯ ಬೇಡ’ ಎಂಬ ನಿಯಮ ಹೊಳೆನರಸೀಪುರದ ಗುಂಪುಗಳಲ್ಲಿ ಇಲ್ಲದಿಲ್ಲ. ಅದನ್ನು ಮೊದಲು ಹಾಕಿದವನೇ ಮೊದಲು ಮುರಿಯುತ್ತಾನೆ.

ಇನ್ನು ಕಾಲನಿರ್ಣಯ, ಅಂದರೆ ಸಮ್ಮಿಲನಕ್ಕೆ ದಿನ ಗೊತ್ತುಮಾಡುವ ಶಾಸ್ತ್ರ. ಇದಕ್ಕೆ ಒಂಟಿಕೊಪ್ಪಲ್ ಪಂಚಾಂಗ ಸಾಲದು. ಮುಂಗಾರು ಹಿಡಿಯುತ್ತಿದ್ದಂತೆ ಹಾಸನ ಸುತ್ತಲಿನವರು ಆಲೂಗೆಡ್ಡೆ ಬಿತ್ತನೆಗೆ ಇಳಿಯುತ್ತಾರೆ, ಆಮೇಲೆ ಅಂಗಮಾರಿ ರೋಗ ತಗುಲದಂತೆ ಔಷಧಿ ಹೊಡೆಯುವುದರಲ್ಲಿ ಮುಳುಗುತ್ತಾರೆ. ರಾಮನಾಥಪುರದ ಮಾರುಕಟ್ಟೆಯಲ್ಲಿ ತಂಬಾಕು ಹರಾಜು ನಡೆಯುತ್ತಿರುವಷ್ಟು ದಿನ ಅರಕಲಗೂಡಿನವರು ಯಾವ ಸ್ನೇಹಕ್ಕೂ ಸಿಗುವುದಿಲ್ಲ. ಆಷಾಢದಲ್ಲಿ ಶುಭಕಾರ್ಯವಿಲ್ಲ, ಶ್ರಾವಣದಲ್ಲಿ ಬಾಡೂಟವಿಲ್ಲ, ಲಗ್ನದ ತಿಂಗಳಲ್ಲಿ ಕಲ್ಯಾಣ ಮಂಟಪವಿಲ್ಲ. ಉಳಿಯುವುದು ಡಿಸೆಂಬರಿನ ಕೊನೆಯ ವಾರ. ಅದೂ ಅಮೆರಿಕದಲ್ಲಿರುವ ಒಬ್ಬನಿಗೆ ಕ್ರಿಸ್‌ಮಸ್ ರಜೆ ಇರುವುದರಿಂದ. ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಈಗಿನ ಪ್ರವೃತ್ತಿ ಅದಕ್ಕೆ ವಿರುದ್ಧವಾಗಿದ್ದು, ಪ್ರತಿ ಡಿಸೆಂಬರಿನಲ್ಲಿ ಅಮೆರಿಕವೇ ಎರಡು ವಾರದ ಮಟ್ಟಿಗೆ ಗೊರೂರಿಗೆ ಬಂದು, ಬಿಸ್ಲೇರಿ ನೀರು ಕುಡಿಯುತ್ತ ಅಣೆಕಟ್ಟೆಯ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತದೆ.

ಸಮ್ಮಿಲನದ ದಿನದ ಮುಖ್ಯ ವಿಧಿ ‘ಗುರುತು ಪರೀಕ್ಷೆ’. ತಲೆ ಬೋಳಾದ, ಮೀಸೆ ಬೆಳ್ಳಗಾದ ವ್ಯಕ್ತಿಯೊಬ್ಬ ಇನ್ನೊಬ್ಬನ ಭುಜ ಹಿಡಿದು, “ಯಾರು ಹೇಳ್ಲಾ ನೋಡಾನ” ಎಂದು ಕೇಳಿ, ಉತ್ತರ ಬರುವವರೆಗೆ ಬಿಡದೆ ನಿಲ್ಲುವುದೇ ಈ ವಿಧಿ. ಇದರಲ್ಲಿ ಉತ್ತೀರ್ಣನಾಗಲು ಒಂದೇ ಉಪಾಯವಿದ್ದು, ಅದು ಸುಮ್ಮನೆ “ಅಯ್ಯೋ, ನಿನ್ನ ಮರೆಯಕ್ಕಾಯ್ತದೇನ್ಲಾ!” ಎಂದು ತಬ್ಬಿಕೊಂಡು, ಮೂರನೆಯವನು ಬಂದು ಹೆಸರು ಹಿಡಿದು ಕೂಗುವವರೆಗೆ ತಬ್ಬಿಕೊಂಡೇ ಇರುವುದಾಗಿದೆ. ಸಂಬೋಧನೆಯ ತೊಡಕು ಬೇರೆ. ತಹಶೀಲ್ದಾರನಾದ ಗೆಳೆಯನನ್ನು ‘ಲೋ’ ಎನ್ನಬೇಕೋ ‘ಸಾರ್’ ಎನ್ನಬೇಕೋ ತಿಳಿಯದೆ, ಖಾತೆ ಬದಲಾವಣೆಯ ಅರ್ಜಿ ಬಾಕಿ ಇರುವವರು ‘ಸಾರ್’ ಎಂದೂ ಉಳಿದವರು ‘ಲೋ’ ಎಂದೂ ಕರೆಯುವುದು ಸದ್ಯ ರೂಢಿಯಲ್ಲಿದೆ. ಹುಡುಗ ಹುಡುಗಿಯರ ವಿಚಾರದಲ್ಲಿ ಇನ್ನೊಂದು ಸಂಗತಿಯನ್ನು ದಾಖಲಿಸಲೇಬೇಕು. ಮೂರು ವರ್ಷ ಒಂದೇ ಕೊಠಡಿಯಲ್ಲಿ ಎರಡು ಬದಿಗೆ ಕುಳಿತಿದ್ದ ಇವರು ಶಾಲೆಯಲ್ಲಿ ಪರಸ್ಪರ ಒಂದು ಮಾತೂ ಆಡಿರಲಿಲ್ಲ. ಆದುದರಿಂದ ಇವರ ಪಾಲಿಗೆ ಇದು ಹಳೆಯ ಗೆಳೆತನ ಮರಳಿ ಕೂಡುವ ದಿನವಲ್ಲ, ‘ಮೇಡಂ, ನೀವು’ ಎಂದು ಮೊದಲ ಬಾರಿಗೆ ಪರಿಚಯವಾಗುವ ದಿನ. 2019ರಲ್ಲಿ ಬಂದ ‘99’ ಎಂಬ ಕನ್ನಡ ಚಿತ್ರ, ತಮಿಳಿನ ‘96’ರ ಮರುರೂಪ, ಇಂಥದೊಂದು ಸಮ್ಮಿಲನದಲ್ಲಿ ಹಳೆಯ ಪ್ರೇಮಿಗಳನ್ನು ಭೇಟಿ ಮಾಡಿಸುತ್ತದೆ. ಅದನ್ನು ನೋಡಿ ಬಂದು ರಾತ್ರಿಯಿಡೀ ಕಣ್ಣೀರಿನ ಸಂಭಾಷಣೆಯನ್ನು ನಿರೀಕ್ಷಿಸಿದವರಿಗೆ ಇಲ್ಲಿ ದೊರೆಯುವುದು, ಮಂಡಿನೋವಿಗೆ ಹಾಸನದಲ್ಲಿ ಯಾವ ಡಾಕ್ಟರು ಒಳ್ಳೆಯವರೆಂಬ ಚರ್ಚೆ.

ಬಳಿಕ ಪರಿಚಯ ಕಾರ್ಯಕ್ರಮ. ಒಬ್ಬೊಬ್ಬರಿಗೆ ಎರಡು ನಿಮಿಷವೆಂದು ನಿಗದಿಯಾಗಿದ್ದು, ಮೈಕು ಹಿಡಿದವರು ಕೆಲಸ, ಸೈಟು, ಮಕ್ಕಳ ಇಂಜಿನಿಯರಿಂಗು ಎಂಬ ಕ್ರಮದಲ್ಲಿ ಜೀವನವನ್ನು ಒಪ್ಪಿಸುತ್ತಾರೆ. ಹೆಂಗಸರು ಗಂಡನ ಕೆಲಸದಿಂದ ಆರಂಭಿಸುತ್ತಾರೆ, ತಮ್ಮದನ್ನು ಹೇಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಹಾಸನ ಸೀಮೆಯಲ್ಲಿರುವುದರಿಂದ ಪ್ರತಿ ಬ್ಯಾಚಿನಲ್ಲೂ ಬೇಕರಿಯವನೊಬ್ಬ ಇದ್ದೇ ಇರುತ್ತಾನೆ. ಆತ ಭಾಷಣ ಮಾಡದೆ ಖಾರಾ ಬನ್ನು, ದಿಲ್‌ಪಸಂದಿನ ಡಬ್ಬಗಳನ್ನು ಇಳಿಸಿ ಹಿಂದೆ ಕೂರುವುದರಿಂದ, ಇಡೀ ಕಾರ್ಯಕ್ರಮದಲ್ಲಿ ಎಲ್ಲರ ಒಮ್ಮತ ಪಡೆಯುವ ಏಕೈಕ ಜೀವನಚರಿತ್ರೆ ಅವನದೇ.

ಈ ವೇದಿಕೆಯಲ್ಲಿ ತಪ್ಪದೆ ಮಂಡನೆಯಾಗುವ ಸಿದ್ಧಾಂತವೊಂದಿದೆ; ಅದನ್ನು ‘ಕೊನೇ ಬೆಂಚಿನ ಸಿದ್ಧಾಂತ’ವೆನ್ನಬಹುದು. ಆರುನೂರ ಇಪ್ಪತ್ತೈದಕ್ಕೆ ಐನೂರು ಚಿಲ್ಲರೆ ತೆಗೆದವರು ಗುಮಾಸ್ತರಾದರು, ಗಣಿತದಲ್ಲಿ ಡುಮ್ಕಿ ಹೊಡೆದವರು ಅವರಿಗೆ ಸಂಬಳ ಕೊಡುವಂತಾದರು ಎಂಬುದು ಇದರ ಸಾರ. ಚಪ್ಪಾಳೆ ಜೋರಾಗಿ ಬೀಳುವುದಾದರೂ ಈ ಸಿದ್ಧಾಂತಕ್ಕೆ ವಿಧಾನದ ದೋಷವಿದೆ. ಕೊನೇ ಬೆಂಚಿನಲ್ಲಿ ಕುಳಿತು ಮುಂದೆ ಬಂದವನು ಕಾರು ನಿಲ್ಲಿಸಿ ಮೈಕು ಹಿಡಿದಿದ್ದಾನೆ; ಅದೇ ಬೆಂಚಿನಲ್ಲಿ ಅವನ ಪಕ್ಕದಲ್ಲೇ ಕುಳಿತಿದ್ದು, ಈಗ ಗಾರ್ಮೆಂಟ್ಸಿನ ಶಿಫ್ಟಿನಲ್ಲಿರುವವನು, ಶುಂಠಿಗೆ ಸಾಲ ಮಾಡಿ ಬೆಲೆ ಬಿದ್ದು ಕೂತವನು, ಎರಡು ಸಾವಿರ ಚಂದಾ ಹೊಂದಿಸಲಾಗದೆ ‘ನೆಂಟರ ಮನೆಯಲ್ಲಿ ತಿಥಿ’ ಎಂದು ಹೇಳಿ ಕಳಿಸಿದವನು, ಇವರು ಯಾರೂ ಮಂಟಪದಲ್ಲಿಲ್ಲ. ಬಂದವರನ್ನು ಮಾತ್ರ ಎಣಿಸಿ ಬಾಳಿನ ಬಗ್ಗೆ ತೀರ್ಮಾನಕ್ಕೆ ಬರುವುದು ವಿದ್ವತ್ತಿನ ಲಕ್ಷಣವಲ್ಲ.

ಈ ದೋಷವನ್ನು ಬಲ್ಲವನು ಒಬ್ಬನೇ, ಊರಿನಲ್ಲೇ ಉಳಿದವನು. ಗೊಬ್ಬರದಂಗಡಿಯದೋ, ಝೆರಾಕ್ಸ್ ಅಂಗಡಿಯದೋ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿರುವ ಈ ಪ್ರಭೇದ ವಿದೇಶದವರ ಸಲಹೆಯನ್ನೂ ಬೆಂಗಳೂರಿನವರ ತಿದ್ದುಪಡಿಯನ್ನೂ ಸಹಿಸುತ್ತ, ಶಾಮಿಯಾನದವನಿಗೆ ಮುಂಗಡ ಕೊಟ್ಟು, ಫ್ಲೆಕ್ಸಿನಲ್ಲಿ ತನ್ನ ಫೋಟೊ ಮೂಲೆಯಲ್ಲಿ ಅಂಚೆಚೀಟಿಯಷ್ಟಾಗಿದ್ದರೂ ಸುಮ್ಮನಿದ್ದು, ಹಿಂದಿನ ರಾತ್ರಿ ಬೈಕು ಹತ್ತಿ ಹಳ್ಳಿಗಳಿಗೆ ಹೋಗಿ, “ದುಡ್ಡಿನ ಮಾತು ಬಿಡ್ಲಾ, ಬಂದು ಊಟ ಮಾಡು” ಎಂದು ಕರೆದು ಬರುತ್ತಾನೆ. ತೀರಿಕೊಂಡ ಸಹಪಾಠಿಗಳ ಪಟ್ಟಿ ತಪ್ಪಿಲ್ಲದೆ ಇರುವುದೂ ಇವನ ಬಳಿಯೇ, ಏಕೆಂದರೆ ಅವರಲ್ಲಿ ಹೆಚ್ಚಿನವರ ಮಣ್ಣಿಗೆ ಹೋಗಿದ್ದವನು ಇವನೊಬ್ಬ. ಒಂದು ನಿಮಿಷದ ಮೌನಾಚರಣೆಯಲ್ಲಿ ಉಳಿದವರು ಗಡಿಯಾರ ನೋಡಿಕೊಳ್ಳುವಾಗ ಇವನು ನೋಡುವುದಿಲ್ಲ. ಸನ್ಮಾನಿತರ ಪಟ್ಟಿಯಲ್ಲಿ ಇವನ ಹೆಸರು ಈವರೆಗೆ ಕಂಡುಬಂದಿಲ್ಲ. ಲೆಕ್ಕ ಒಪ್ಪಿಸುವ ದಿನ ಮಾತ್ರ ಎಲ್ಲರೂ ಇವನನ್ನು ನೆನೆಯುತ್ತಾರೆ.

ಕೊನೆಯದಾಗಿ ಗುರುವಂದನೆ. ನಾಲ್ಕೂ ತಾಲ್ಲೂಕುಗಳ ಬ್ಯಾಚುಗಳು ಸರದಿಯ ಮೇಲೆ ಅವೇ ಕೆಲವು ಮೇಷ್ಟ್ರುಗಳನ್ನು ಕರೆಸುವುದರಿಂದ ಅವರ ಮನೆಯ ಬೀರುಗಳು ಶಾಲುಗಳಿಂದ ತುಂಬಿವೆ, ಸ್ಮರಣಿಕೆಗಳು ಅಟ್ಟ ಸೇರಿವೆ. ಎಂಬತ್ತರ ಆಚೀಚೆ ಇರುವ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಹತ್ತು ಗಂಟೆಗೇ ಬಂದು ಕುಳಿತಿರುವ ಈ ಹಿರಿಯರು, ಹಿಂದೆ ತಾವು ಮೊಣಕಾಲಿನ ಮೇಲೆ ನಿಲ್ಲಿಸಿದವರೆಲ್ಲ ಒಬ್ಬೊಬ್ಬರಾಗಿ ಮಾತನಾಡಿ ಮುಗಿಸುವವರೆಗೆ, ಬಿಸಿಲು ಜಾರಿದರೂ ಪೇಟ ಇಳಿಸುವಂತಿಲ್ಲದೆ ಕುಳಿತಿರುತ್ತಾರೆ. ಮುಂದಿನ ಡಿಸೆಂಬರಿಗೆ ಸಮ್ಮಿಲನ ಹಮ್ಮಿಕೊಂಡಿರುವ ಬ್ಯಾಚುಗಳವರಲ್ಲಿ ಪ್ರಸ್ತುತ ಪ್ರಬಂಧದ ವಿನಂತಿ ಇಷ್ಟೇ: ಭಾಷಣಗಳು ಸಂಜೆಯವರೆಗೆ ಬೇಕಾದರೂ ನಡೆಯಲಿ, ಮೇಷ್ಟ್ರುಗಳಿಗೆ ಮಾತ್ರ ಒಂದು ಗಂಟೆಗೆ ಸರಿಯಾಗಿ ಎಲೆ ಹಾಕಿ.