ಮೂಲೆಗೆ ಮೂಲೆ ದಾರ

ನಿನ್ನೆ ರಾತ್ರಿ ಎಂಟರವರೆಗೆ ಗುರ್ ಅಂತಿದ್ದದ್ದು ನಮ್ಮ ಕೊಟ್ಟಿಗೆಯಿಂದಲೇ ಅಣ್ಣಾ. ಈ ದಾಸವಾಳದ ಸಂದಿಯಿಂದ ಇಣುಕಿದ್ರೂ ಕಾಣ್ತದೆ ನೋಡಿ. ಒಂದು ಮೇಜು, ಅದರ ಮೇಲೆ ಹಿಂದೆ ಮುಂದೆ ಓಡೋ ಅಡ್ಡ ತೊಲೆ, ತೊಲೆಗೆ ಕಚ್ಚಿಕೊಂಡ, ಮರ ಕೆತ್ತೋ ರೌಟರ್. ಕಂಪ್ಯೂಟರಲ್ಲಿ ಚಿತ್ರ ಬರೆದುಕೊಟ್ರೆ ಹಲಗೆ ಮೇಲೆ ಕೆತ್ತುತ್ತದೆ. ಸಿಎನ್‌ಸಿ ಅಂತಾರಲ್ಲ, ಅದೇ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇಂಥದ್ದನ್ನ ಮೊದಲು ತೋರಿಸಿದಾಗ ಮಿಷನ್‌ಗಿಂತ ಅದನ್ನ ನಡೆಸೋ ಕಪಾಟೇ ದೊಡ್ಡದಿತ್ತಂತೆ. ಈಗ ಆ ಕೆಲಸಕ್ಕೆ ಅಂಗೈಗಿಂತ ಚಿಕ್ಕ ಆರ್ಡುಇನೊ ಬೋರ್ಡು ಸಾಕು. ಅದರೊಳಗೆ ಕೂರೋ ಜಿಆರ್‌ಬಿಎಲ್ ಅನ್ನೋ ಪ್ರೋಗ್ರಾಮನ್ನ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಅನ್ನೋರು 2009ರಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅವರಿಗೆ ನಾನು ಮನಸ್ಸಲ್ಲೇ ಎಷ್ಟು ಸಲ ಕೈ ಮುಗಿದಿದ್ದೇನೋ.

ಕಂಪ್ಯೂಟರಿನ ಲೆಕ್ಕ ಸಲೀಸು. ಮೋಟರು ಒಂದು ಸುತ್ತಿಗೆ 200 ಹೆಜ್ಜೆ ಇಡ್ತದೆ, ಡ್ರೈವರ್ ಒಂದೊಂದು ಹೆಜ್ಜೆಯನ್ನೂ ಎಂಟು ಮಾಡ್ತದೆ, ಅಲ್ಲಿಗೆ 1600. ಒಂದು ಸುತ್ತಿಗೆ ಸ್ಕ್ರೂ ತೊಲೆಯನ್ನ 8 ಮಿಲಿಮೀಟರ್ ಮುಂದೆ ತಳ್ತದೆ. ಅಂದ್ರೆ ಒಂದು ಮಿಲಿಮೀಟರಿಗೆ 200 ಹೆಜ್ಜೆ. ಆಯ್ತಲ್ಲ. ನನ್ನನ್ನ ಎರಡು ತಿಂಗಳು ಕಾಡಿದ್ದು ಮೇಜು.

ಮೊದಲ ದಿನ 400 ಮಿಲಿಮೀಟರಿನ ಚೌಕ ಕೊಯ್ದೆ. ನಾಲ್ಕು ಬದಿಯೂ ಸರಿಯಾಗಿ 400. ಅಷ್ಟು ಖುಷಿ ನನಗೆ ಮದುವೆ ದಿನವೂ ಆಗಿರ್ಲಿಲ್ಲ. ಸಂಜೆ ನಮ್ಮ ಆಚಾರಿ ಬಂದ್ರು. ಅಳತೆ ಟೇಪು ಮುಟ್ಟಲೇ ಇಲ್ಲ. ಜೇಬಿಂದ ದಾರ ತೆಗೆದು ಮೂಲೆಯಿಂದ ಮೂಲೆಗೆ ಹಿಡಿದ್ರು, ಉಗುರಲ್ಲಿ ಗುರುತು ಮಾಡಿಕೊಂಡ್ರು, ಮತ್ತೆ ಇನ್ನೆರಡು ಮೂಲೆಗೆ ಹಿಡಿದ್ರು. ದಾರ ಎರಡು ಮಿಲಿಮೀಟರ್ ಸಾಲದೇ ಹೋಯ್ತು. "ಓರೆ ಉಂಟು" ಅಂದ್ರು, ಅಷ್ಟೇ. ಬಾಗಿಲಿನ ಚೌಕಟ್ಟು ಕೂರಿಸುವಾಗ ಅವರಪ್ಪನೂ ಹೀಗೇ ನೋಡ್ತಿದ್ರಂತೆ. ಬದಿ ನಾಲ್ಕೂ ಸಮ ಇದ್ರೂ ತೊಲೆ ಒಂದು ಕಡೆ ಮುಂದಾಗಿದ್ರೆ ಚೌಕ ವಾಲ್ತದೆ. ಮಿಷನ್‌ಗೆ ಅದು ಗೊತ್ತಾಗೋದಿಲ್ಲ ಅಣ್ಣ. ನಾವು ಕೊಟ್ಟ ಓರೆಯನ್ನೇ ಅಷ್ಟೇ ನಿಷ್ಠೆಯಿಂದ ಸಾವಿರ ಸಲ ಕೊಯ್ತದೆ. ಬೋಲ್ಟು ಸಡಿಲಿಸಿ, ತೊಲೆ ತಳ್ಳಿ, ಬಿಗಿದು, ಮತ್ತೆ ಕೊಯ್ದು, ಮತ್ತೆ ದಾರ ಹಿಡಿದು, ಹನ್ನೊಂದು ಹಲಗೆ ಆದ ಮೇಲೆ ಎರಡೂ ದಾರ ಒಂದಾದವು.

ಆಮೇಲೆ ವೃತ್ತ ಕೊಯ್ದರೆ ಮೊಟ್ಟೆ ಥರ ಬಂತು. ಸ್ಕ್ರೂ ತಿರುಗೋ ದಿಕ್ಕು ಬದಲಿಸಿದಾಗ ನಟ್ಟಿನ ಸಡಿಲದಲ್ಲಿ ಕೂದಲೆಳೆಯಷ್ಟು ಚಲನೆ ಕಳೆದುಹೋಗ್ತದೆ. ನಟ್ಟು ಬದಲಾಯಿಸಿದ ಮೇಲೆ ಸರಿಹೋಯ್ತು.

ಕಕ್ಕಡ ತಿಂಗಳ ಮಳೆ ಮಾತ್ರ ನಮ್ಮೂರಿಗೇ ಬರೆದಿಟ್ಟ ಪರೀಕ್ಷೆ. ಮೇಜಿಗೆ ಹಾಸಿದ್ದ ಎಂಡಿಎಫ್ ಹಲಗೆ ತೇವ ಕುಡಿದು ರೊಟ್ಟಿ ಥರ ಉಬ್ಬಿತು. ಒಂದು ಕಡೆ ಹೂವಿನ ಎಸಳು ಆಳ, ಇನ್ನೊಂದು ಕಡೆ ಬರೀ ಗೀರು. ಈಗ ನೀರು ತಡೆಯೋ ಪ್ಲೈವುಡ್ ಹಾಕಿ, ಅದೇ ರೌಟರಲ್ಲಿ ಮೇಲ್ಮೈ ಕೆರೆದು ಮಟ್ಟ ಮಾಡಿದ್ದೇನೆ. ಕರೆಂಟು ಹೋದ್ರೆ ಮಿಷನ್ ತಾನೆಲ್ಲಿದ್ದೆ ಅನ್ನೋದನ್ನೇ ಮರೀತದೆ, ಅದಕ್ಕೆ ಮೂಲೆಯಲ್ಲಿ ಸ್ವಿಚ್ ಇಟ್ಟಿದ್ದೇನೆ. ಮೊದಲು ಅದನ್ನ ಮುಟ್ಟಿ ಬಂದೇ ಕೆಲಸ ಶುರು ಮಾಡೋದು. ತೋಟದ ಸಿಲ್ವರ್ ಓಕ್ ಹಲಗೆಯಲ್ಲೇ ಕೈ ಪಳಗಿಸ್ತಾ ಇದ್ದೇನೆ. ಅದರ ಪುಡಿ ಕೆಲವರ ಮೈಗೆ ಆಗೋದಿಲ್ಲ, ಬರುವಾಗ ತುಂಬು ತೋಳಿನ ಅಂಗಿ ಹಾಕಿಕೊಂಡು ಬನ್ನಿ.

ಯಾಕೆ ಹೇಳ್ದೆ ಅಂದ್ರೆ, ನಿಮ್ಮ ಐನ್‌ಮನೆ ಕಿಟಕಿಯ ಕೆತ್ತನೆ ಪಟ್ಟಿ ಗೆದ್ದಲು ಹಿಡಿದಿದೆ, ಬಿಸಾಡ್ಬೇಕು ಅಂತಿದ್ರಲ್ಲ. ಬಿಸಾಡ್ಬೇಡಿ. ಆ ಹೂವು ಅರ್ಧ ಉಳಿದಿದ್ರೂ ಸಾಕು, ಫೋಟೋ ತೆಗೆದು ಇನ್ನರ್ಧ ಬರೆದುಕೊಳ್ತೇನೆ. ಒಣಗಿದ ಹಲಸಿನ ಹಲಗೆ ಅಟ್ಟದ ಮೇಲೆ ಉಂಟು. ಒಳಮೂಲೆಗಳು ಮಾತ್ರ ನನ್ನಿಂದ ಆಗೋದಿಲ್ಲ. 3 ಮಿಲಿಮೀಟರಿನ ಬಿಟ್ಟು ಗುಂಡಗೆ ತಿರುಗೋದು, ಮೂಲೆಯೂ ಗುಂಡಗೇ ಉಳೀತದೆ. ಸೋಮವಾರ ಆಚಾರಿಗೆ ಬರೋಕೆ ಹೇಳಿದ್ದೇನೆ, ಉಳಿ ಮಸೆದು ತರ್ತಾರೆ.