ರೀಚ್ ರಾಯರು

ರೀಚ್ ರಾಯರು ಸಣ್ಣ ಅಂಗಡಿಗಳ ಮಾಲೀಕರಲ್ಲಿ ಇತ್ತೀಚೆಗೆ ಕಾಣಿಸಿಕೊಂಡ ಒಂದು ಬಗೆ. ಹೆಸರಿನಲ್ಲಿ 'ರಾಯರು' ಬರೀ ಮರ್ಯಾದೆಗೆ ಸೇರಿದ್ದು. ಜಾತಿ, ಮತ, ಊರು ಯಾವುದೂ ಇರಬಹುದು. 'ರೀಚ್' ಮಾತ್ರ ಅವರು ಸ್ವಂತ ದುಡ್ಡಿನಲ್ಲಿ ಸಂಪಾದಿಸಿದ್ದು. "ವ್ಯಾಪಾರ ಹೇಗಿದೆ?" ಎಂದು ಕೇಳಿದರೆ ಹಿಂದಿನವರು "ಏನೋ, ದೇವರು ನಡೆಸ್ತಿದ್ದಾನೆ" ಅನ್ನುತ್ತಿದ್ದರು. ರಾಯರು "ರೀಚ್ ಚೆನ್ನಾಗಿದೆ" ಅನ್ನುತ್ತಾರೆ. ರೀಚ್ ಎಂದರೆ ಜಾಹೀರಾತು ಎಷ್ಟು ಜನರ ಮೊಬೈಲ್ ಪರದೆಯ ಮೇಲೆ ಹಾದುಹೋಯಿತು ಎಂಬ ಲೆಕ್ಕ. ಹಾದುಹೋದದ್ದನ್ನು ಅವರು ನೋಡಿದರೇ, ನೋಡಿದವರು ಬಂದರೇ, ಬಂದವರು ಕೊಂಡರೇ ಎಂಬುದು ಇನ್ನೂ ಮೂರು ಲೆಕ್ಕ. ಆ ಮೂರಕ್ಕೆ ರಾಯರ ಹತ್ತಿರ ಪುಸ್ತಕವಿಲ್ಲ.

ಶಿವಮೊಗ್ಗದ ದುರ್ಗಿಗುಡಿ, ದಾವಣಗೆರೆಯ ಪಿ.ಜೆ. ಬಡಾವಣೆ, ಹುಬ್ಬಳ್ಳಿಯ ವಿದ್ಯಾನಗರ, ಬೆಂಗಳೂರಿನ ರಾಜಾಜಿನಗರ, ಹೀಗೆ ಸಾಲಾಗಿ ಅಂಗಡಿಗಳಿರುವ ಎಲ್ಲ ಕಡೆಯೂ ಇವರು ಸಿಗುತ್ತಾರೆ. ಬಟ್ಟೆ ಅಂಗಡಿ, ಕನ್ನಡಕದ ಅಂಗಡಿ, ಟೈಲರ್, ಬ್ಯೂಟಿ ಪಾರ್ಲರ್, ಯಾವ ವ್ಯಾಪಾರವೂ ಇವರಿಂದ ಹೊರತಲ್ಲ. ಆದರೆ ಲಕ್ಷಣಗಳೆಲ್ಲ ಒಟ್ಟಿಗೆ ಕೂಡಿ ಬರುವುದು ಕಾಂಡಿಮೆಂಟ್ಸ್ ಅಂಗಡಿಯಲ್ಲಿ. ಮಾದರಿಗೆಂದು ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆಯ ರಾಯರನ್ನು ಇಟ್ಟುಕೊಳ್ಳಬಹುದು. ಅಂಗಡಿ ಹತ್ತಡಿ ಅಗಲ, ಹದಿನೈದಡಿ ಉದ್ದ. ಹಿಂದುಗಡೆ ಒಲೆ, ಬಾಣಲೆ, ಇಬ್ಬರು ಅಡುಗೆಯವರು. ಮುಂದುಗಡೆ ಗಾಜಿನ ಡಬ್ಬಗಳ ಸಾಲು, ತಕ್ಕಡಿ, ತಕ್ಕಡಿಯ ಹಿಂದೆ ಹದಿನಾರು ವರ್ಷದಿಂದ ನಿಂತಿರುವ ಒಬ್ಬ ಅಕ್ಕ.

ರಾಯರ ತಂದೆಯ ಕಾಲದ ಪ್ರಚಾರ ಹೀಗಿತ್ತು: ಗೌರಿಹಬ್ಬಕ್ಕೆ ಹದಿನೈದು ದಿನ ಮುಂಚೆ ಗುಲಾಬಿ ಬಣ್ಣದ ಕಾಗದದಲ್ಲಿ ಪಾಂಪ್ಲೆಟ್ ಅಚ್ಚು ಹಾಕಿಸಿ ಪೇಪರ್ ಹಾಕುವ ಹುಡುಗನ ಕೈಗೆ ಕೊಡುವುದು. ಹುಡುಗನ ಸೈಕಲ್ ಸುತ್ತುತ್ತಿದ್ದದ್ದು ನಾಲ್ಕು ಬೀದಿ. ಅಂಗಡಿಗೆ ಬರುವ ಗಿರಾಕಿಗಳೂ ಆ ನಾಲ್ಕು ಬೀದಿಯವರೇ. ಅದನ್ನು ಮೀರಿದ ಪ್ರಚಾರವೆಂದರೆ, ಹೊಸಬರು ಡಬ್ಬದ ಮುಂದೆ ಅನುಮಾನಿಸುತ್ತ ನಿಂತಾಗ ಒಂದು ಚೂರು ನಿಪ್ಪಟ್ಟು ಮುರಿದು ಪೇಪರ್ ತುಂಡಿನ ಮೇಲಿಟ್ಟು "ರುಚಿ ನೋಡಿ" ಅನ್ನುವುದು. ಟಾರ್ಗೆಟಿಂಗ್ ಎಂಬ ಪದವನ್ನು ಆ ಹಿರಿಯರು ಕೇಳಿರಲಿಲ್ಲ. ಅದಿಲ್ಲದೆ ಬದುಕಿದ್ದೂ ಇಲ್ಲ.

ರಾಯರ ಮೊದಲ ಸಾಧನ ವಾಟ್ಸಾಪ್ ಬಿಸಿನೆಸ್. ಸಣ್ಣ ವ್ಯಾಪಾರಿಗಳಿಗೆಂದೇ 2018ರಲ್ಲಿ ಬಂದ ಈ ಆ್ಯಪ್ ಪುಕ್ಕಟೆ. ಅದರಲ್ಲಿ ತಿಂಡಿಗಳ ಫೋಟೊ ಮತ್ತು ಬೆಲೆ ಜೋಡಿಸಿ ಕ್ಯಾಟಲಾಗ್ ಇಡಬಹುದು, ಗಿರಾಕಿಗಳನ್ನು ಬಣ್ಣದ ಲೇಬಲ್ ಹಚ್ಚಿ ವಿಂಗಡಿಸಬಹುದು, ಅಂಗಡಿ ಮುಚ್ಚಿದ ಮೇಲೆ ತಾನಾಗಿ ಹೋಗುವ ಉತ್ತರವನ್ನೂ ಬರೆದಿಡಬಹುದು. ಮೊದಲೆರಡನ್ನು ನಾಳೆಗೆ ಬಿಟ್ಟು ರಾಯರು ಮೂರನೆಯದನ್ನು ಮಾಡಿದರು. ಅಂದು ರಾತ್ರಿ ಒಂಬತ್ತೂವರೆಗೆ ಮನೆಯಿಂದ "ಎಲ್ಲಿದ್ದೀರಾ? ಸಾರು ಆರಿಹೋಗ್ತಿದೆ" ಎಂದು ಸಂದೇಶ ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಹೋಯಿತು: "ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ನಿಮ್ಮ ಬೇಡಿಕೆಯನ್ನು ನಾಳೆ ಬೆಳಗ್ಗೆ 9 ಗಂಟೆಯ ನಂತರ ಗಮನಿಸಲಾಗುವುದು." ಮನೆಯವರು ಮತ್ತೆ ಏನೂ ಕೇಳಲಿಲ್ಲ. ರಾಯರು ಮನೆ ಮುಟ್ಟಿದಾಗ ಅಡುಗೆಮನೆಯ ದೀಪ ಆರಿತ್ತು.

ಎರಡನೆಯದು ಗೂಗಲ್ ಮ್ಯಾಪ್. ಅಂಗಡಿಯವರು ತಮ್ಮ ವಿವರವನ್ನು ತಾವೇ ತುಂಬುವ ಈ ಸೌಲಭ್ಯ 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಲ್ಲಿ ಬಂತು. 2021ರಲ್ಲಿ ಗೂಗಲ್ ಬಿಸಿನೆಸ್ ಪ್ರೊಫೈಲ್ ಆಯಿತು. ಇದಕ್ಕೂ ಬಿಡಿಗಾಸಿಲ್ಲ. ಯಾರೋ ಹತ್ತಿರದ ತಿಂಡಿ ಅಂಗಡಿ ಹುಡುಕಿದಾಗ ಯಾವುದನ್ನು ಮೇಲೆ ತೋರಿಸಬೇಕೆಂದು ಗೂಗಲ್ ಮುಖ್ಯವಾಗಿ ಮೂರು ಸಂಗತಿ ತೂಗಿ ನಿರ್ಧರಿಸುತ್ತದೆ: ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದಿಕೆ, ಹುಡುಕುವವರಿಂದ ಎಷ್ಟು ದೂರ, ಅಂಗಡಿಗೆ ಎಷ್ಟು ಹೆಸರು. ಜಾಹೀರಾತೆಂದು ಗುರುತು ಹಾಕಿದ್ದನ್ನು ಬಿಟ್ಟರೆ, ಈ ಸಾಲಿನಲ್ಲಿ ದುಡ್ಡು ಕೊಟ್ಟು ಮೇಲೇರಲು ಬರುವುದಿಲ್ಲವೆಂದು ಕಂಪನಿಯೇ ಹೇಳುತ್ತದೆ. ಹೀಗಿದ್ದೂ "ಗೂಗಲ್‌ನಿಂದ ಮಾತಾಡ್ತಿದ್ದೀವಿ ಸಾರ್, ನಿಮ್ಮ ಲಿಸ್ಟಿಂಗ್ ನಾಳೆ ಬಂದ್ ಆಗತ್ತೆ" ಎಂದು ಹೆದರಿಸುವ ಫೋನು ರಾಯರಿಗೆ ಬಂದೇ ಬರುತ್ತದೆ, ಅವರು ಅದಕ್ಕೆ ದುಡ್ಡು ಕಳಿಸಿಯೂ ಇರುತ್ತಾರೆ. ಈ ವಿಷಯವನ್ನು ಅವರು ಯಾರಿಗೂ ಹೇಳುವುದಿಲ್ಲ. ಪಕ್ಕದ ಸ್ಟೇಷನರಿ ಅಂಗಡಿಯವರೂ ಹೇಳುವುದಿಲ್ಲ.

ಹೊಂದಿಕೆಯ ವಿಚಾರದಲ್ಲಿ ಕಾಂಡಿಮೆಂಟ್ಸ್ ಅಂಗಡಿಗೆ ತನ್ನದೇ ತೊಡಕಿದೆ. ಇಂಗ್ಲಿಷಿನಲ್ಲಿ ಈ ಪದಕ್ಕೆ ಊಟದ ಬದಿಗೆ ಹಚ್ಚಿಕೊಳ್ಳುವ ಸಾಸು, ಸಾಸಿವೆ ಗೊಜ್ಜು ಎಂಬರ್ಥ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ, ಹಪ್ಪಳ ಎಂಬರ್ಥ ಬಂದಿರುವುದು ಬೆಂಗಳೂರು, ಮೈಸೂರು ಸೀಮೆಯ ಬೋರ್ಡುಗಳಲ್ಲಿ. ಊರಿಗೆ ಹೊಸದಾಗಿ ಬಂದ ಸಾಫ್ಟ್‌ವೇರ್ ಹುಡುಗನಿಗೆ ಈ ಗುಟ್ಟು ಗೊತ್ತಿಲ್ಲ. ಅವನು ಸ್ನ್ಯಾಕ್ಸ್ ಎಂದು ಹುಡುಕುತ್ತಾನೆ, ಇಲ್ಲವೇ ಮುರುಕ್ಕು, ಚಕ್ಲಿ ಎನ್ನುತ್ತಾನೆ. ಇನ್ನು ಕೋಡುಬಳೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ನಡುವಿನ ಉಕಾರವನ್ನು ಒಬ್ಬರು ಉಳಿಸುತ್ತಾರೆ, ಇನ್ನೊಬ್ಬರು ನುಂಗುತ್ತಾರೆ. ಇವೆಲ್ಲ ರೂಪಗಳೂ ಅಂಗಡಿಯ ಪುಟದಲ್ಲಿ ಎಲ್ಲಾದರೊಂದು ಕಡೆ ಇದ್ದರೆ ಹುಡುಕುವವನಿಗೂ ಅಂಗಡಿಗೂ ಭೇಟಿಯಾಗುವ ಸಂಭವ ಹೆಚ್ಚು. ರಾಯರ ಪುಟದಲ್ಲಿ ಇರುವುದು "ಪ್ರೀಮಿಯಂ ಎಥ್ನಿಕ್ ಸ್ನ್ಯಾಕಿಂಗ್ ಡೆಸ್ಟಿನೇಷನ್" ಎಂಬ ಒಂದೇ ಸಾಲು. ಸಂಜೆ ನಾಲ್ಕು ಗಂಟೆಗೆ ಹಸಿದ ಮನುಷ್ಯ ಬೆರಳಿನಿಂದ ಈ ಮಾತು ಟೈಪ್ ಮಾಡುವುದು ಕಷ್ಟ.

ಅದೇ ಪುಟದಲ್ಲಿ ವಾರದ ರಜೆ ತುಂಬುವಾಗ ರಾಯರ ಹೆಬ್ಬೆರಳು ಜಾರಿ ಮಂಗಳವಾರದ ಮೇಲೆ ಬಿತ್ತು. ಅಂಗಡಿಗೆ ರಜೆಯಿರುವುದು ಭಾನುವಾರ ಮಧ್ಯಾಹ್ನದ ಮೇಲೆ. ತಿದ್ದಬೇಕೆಂದರೆ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ರಾಯರ ಸ್ವಂತ ಅಕ್ಕನ ಮಗನ ಹತ್ತಿರ ಇದೆ. ಅಕ್ಕನ ಮಗನಿಗೆ ಯಾವಾಗಲೂ ಪರೀಕ್ಷೆ.

ಮೂರನೆಯ ಸಂಗತಿಯಾದ ಹೆಸರು ಬರುವುದರಲ್ಲಿ ಗಿರಾಕಿಗಳ ರಿವ್ಯೂಗಳ ಪಾಲೂ ಇದೆ. ಗಿರಾಕಿಗಳನ್ನು ಕೇಳಲು ರಾಯರಿಗೆ ಸಂಕೋಚ. ಹಾಗಾಗಿ ತಂಗಿಯ ಮೊಮ್ಮಗುವಿನ ನಾಮಕರಣದ ದಿನ, ಊಟದ ಎರಡನೇ ಪಂಕ್ತಿ ಎದ್ದ ಮೇಲೆ, ನೆಂಟರನ್ನೆಲ್ಲ ಸಾಲಾಗಿ ಕೂರಿಸಿ ಐದೈದು ನಕ್ಷತ್ರ ಒತ್ತಿಸಿದರು. ಒಂದೇ ಛತ್ರದಿಂದ, ಅರ್ಧ ಗಂಟೆಯೊಳಗೆ, ಇಪ್ಪತ್ತಮೂರು ರಿವ್ಯೂ. ಷಡ್ಡಕ ಬರೆದದ್ದು ಹೀಗಿತ್ತು: "ನಮ್ಮ ಷಡ್ಡಕನ ಅಂಗಡಿ. ತುಂಬ ಒಳ್ಳೆಯ ಮನುಷ್ಯ." ಸಂಬಂಧಿಕರಿಂದ ಬರೆಸಿದ್ದು, ಆಮಿಷ ಕೊಟ್ಟು ಬರೆಸಿದ್ದು ಗೂಗಲ್‌ನ ನಿಯಮಕ್ಕೆ ವಿರುದ್ಧ, ಯಂತ್ರಕ್ಕೆ ವಾಸನೆ ಹತ್ತಿದರೆ ತೆಗೆದುಹಾಕುತ್ತದೆ. ಹತ್ತಿತು. ಅದಾದ ಮೇಲೆ ಉಳಿದ ರಿವ್ಯೂಗಳಲ್ಲಿ ಒಂದು ಒಂಟಿ ನಕ್ಷತ್ರದ್ದು. ಯಾರೋ ಭಾನುವಾರ ಸಂಜೆ ಜೆ.ಪಿ. ನಗರದಿಂದ ಸ್ಕೂಟರಿನಲ್ಲಿ ಬಂದು, ಮುಚ್ಚಿದ ಬಾಗಿಲು ನೋಡಿ, ವಾಪಸು ಹೋಗಿ ಬರೆದದ್ದು. ಒಂದು ಕ್ಷಮೆ, ಸರಿಯಾದ ವೇಳೆ, ಇಷ್ಟು ಹಾಕಿದ್ದರೆ ಸಾಕಿತ್ತು. ರಾಯರು ನಾಲ್ಕು ಪ್ಯಾರಾ ಉತ್ತರ ಬರೆದರು. ಅದರಲ್ಲಿ ಅಂಗಡಿಯ ಚರಿತ್ರೆ, ತಂದೆಯವರ ತ್ಯಾಗ, ಪೈಪೋಟಿಯವರ ಪಿತೂರಿ ಎಲ್ಲವೂ ಇದೆ. ಬಾಗಿಲು ತೆಗೆಯುವ ವೇಳೆ ಇಲ್ಲ.

ರೀಲ್ಸ್ ಈ ಪ್ರಬಂಧದ ಅತ್ಯಂತ ಖರ್ಚಿನ ಭಾಗ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು; ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಬಿಟ್ಟಿತು. ರಾಯರು ಅದರೊಳಕ್ಕೆ ಇಳಿದದ್ದು ಡ್ರೋನ್ ಸಮೇತ. ಹತ್ತಡಿ ಅಗಲದ ಅಂಗಡಿಯನ್ನು ಆಕಾಶದಿಂದ ತೋರಿಸಿದಾಗ ಎದ್ದು ಕಂಡದ್ದು ಎದುರುಮನೆಯ ನೀರಿನ ಟ್ಯಾಂಕು. ಆಮೇಲೆ ಎಣ್ಣೆ ನಿಧಾನವಾಗಿ ಕುದಿಯಿತು, ಚಕ್ಕುಲಿ ನಿಧಾನವಾಗಿ ಬಿತ್ತು, ರಾಯರು ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಧಾನವಾಗಿ ತಿರುಗಿದರು. ಹಿನ್ನೆಲೆಯಲ್ಲಿ ಯುದ್ಧಕ್ಕೆ ಹೊರಟವರ ಸಂಗೀತ. ಕೋಡುಬಳೆ ಮುರಿದಾಗ ಆಗುವ ಸದ್ದೊಂದು ಸಾಕಿತ್ತು, ಆ ಸಂಗೀತದಲ್ಲಿ ಅದು ಕೇಳಿಸಲೇ ಇಲ್ಲ. ಬೆಲೆ, ವಿಳಾಸ, ಫೋನ್ ನಂಬರು ಕೊನೆಯ ಅರೆ ಸೆಕೆಂಡಿನಲ್ಲಿ ಬಂದು ಹೋದವು.

ಆಮೇಲೆ ಬೂಸ್ಟ್. ಮೊದಲೆಲ್ಲ ಬೂಸ್ಟ್ ಎಂದರೆ ಹಾಲಿಗೆ ಬೆರೆಸುವ ಪುಡಿ. ಈಗ ಪೋಸ್ಟಿನ ಕೆಳಗಿರುವ ಒಂದು ಗುಂಡಿ. ಒತ್ತಿದರೆ ಜಾಹೀರಾತು ಯಾರಿಗೆ ಕಾಣಬೇಕೆಂದು ಕೇಳುತ್ತದೆ. ನಕ್ಷೆಯ ಮೇಲೆ ಅಂಗಡಿಯ ಜಾಗಕ್ಕೆ ಗುಂಡುಸೂಜಿ ಚುಚ್ಚಿ ಸುತ್ತ ಇಷ್ಟು ಕಿಲೋಮೀಟರೆಂದು ವೃತ್ತ ಎಳೆಯಬಹುದು, ವಯಸ್ಸು ಹೇಳಬಹುದು, ಆಸಕ್ತಿ ಹೇಳಬಹುದು. ಸಣ್ಣ ಅಂಗಡಿಗೆ ಇಡೀ ಆನ್‌ಲೈನ್ ಪ್ರಚಾರದ ಜೀವ ಇರುವುದು ಈ ವೃತ್ತದಲ್ಲಿ. ರಾಯರಿಗೆ ಮಾತ್ರ ಅದು ಅವಮಾನವಾಗಿ ಕಂಡಿತು. "ನಮ್ಮ ಕೋಡುಬಳೆ ಅಮೆರಿಕಾಕ್ಕೆ ಹೋಗತ್ತೆ ಕಣಯ್ಯಾ, ಮೂರು ಕಿಲೋಮೀಟರ್ ಅಂತೆ!" ಎಂದು ಅಕ್ಕನ ಮಗನಿಗೆ ಗದರಿ ಇಡೀ ಭಾರತ ಆರಿಸಿದರು. ವಯಸ್ಸು ಹದಿನೆಂಟರಿಂದ ಮೇಲ್ಪಟ್ಟು ಎಷ್ಟಾದರೂ. ಆಸಕ್ತಿ: ಆಹಾರ. ಆಹಾರದಲ್ಲಿ ಆಸಕ್ತಿ ಇಲ್ಲದವರು ಬದುಕಿರುವುದಿಲ್ಲವಾದ್ದರಿಂದ ಈ ಜರಡಿಯಲ್ಲಿ ಒಂದು ಕಾಳೂ ಸೋಸಿಹೋಗಲಿಲ್ಲ. 500 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 90 ರೂಪಾಯಿ. ರೀಚ್ ಹದಿನಾಲ್ಕು ಸಾವಿರ ಮುಟ್ಟಿತು. ಬಂದ ಫೋನು ಮೂರು. ಮೊದಲನೆಯದು ಭೋಪಾಲದಿಂದ, ಹಿಂದಿಯಲ್ಲಿ, ಡೆಲಿವರಿ ಫ್ರೀ ಇದೆಯೇ ಎಂದು. ಎರಡನೆಯದು ಕೆಲಸ ಖಾಲಿ ಇದೆಯೇ ಎಂದು. ಮೂರನೆಯವರು ನಿಮ್ಮ ರೀಚ್ ಇನ್ನೂ ಜಾಸ್ತಿ ಮಾಡಿಕೊಡುತ್ತೇವೆ ಅಂದರು. ರಾಯರು ಮೂರನೆಯವರಿಗೆ ಅಡ್ವಾನ್ಸ್ ಕೊಟ್ಟರು.

ಅಮೆರಿಕಾಕ್ಕೆ ಹೋಗುತ್ತದೆಂಬ ಮಾತು ಸುಳ್ಳಲ್ಲ. ಆದರೆ ಅದು ಹೋಗುವುದು ಹೀಗೆ: ನ್ಯೂಜೆರ್ಸಿಯಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಿ ಎರಡು ದಿನ ಮುಂಚೆ ಅಂಗಡಿಗೆ ಬಂದು, 23 ಕೆಜಿ ಮೀರದಂತೆ ಸೂಟ್‌ಕೇಸಿನಲ್ಲಿ ಉಳಿದಿರುವ ಜಾಗ ಕೈಯಲ್ಲೇ ಅಳೆದು ತೋರಿಸಿ, "ಒಂದೂವರೆ ಕೆಜಿ ಕಟ್ಟಿ, ಮುರೀಬಾರದು" ಅನ್ನುತ್ತಾರೆ. ತಿನ್ನುವವಳು ನ್ಯೂಜೆರ್ಸಿಯಲ್ಲಿರಬಹುದು, ಕೊಳ್ಳುವವರು ಅದೇ ಅಡ್ಡರಸ್ತೆಯವರು. ಆ ತಾಯಿ ರಾಯರ ಜಾಹೀರಾತನ್ನು ಒಮ್ಮೆಯೂ ನೋಡಿಲ್ಲ. ಹದಿನಾಲ್ಕು ಸಾವಿರದಲ್ಲಿ ಅವರ ಸರದಿ ಬರಲಿಲ್ಲ.

ಅವರ ನಂಬರು ಇರುವುದು ತಕ್ಕಡಿಯ ಅಕ್ಕನ ಫೋನಿನಲ್ಲಿ. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಯವರೆಗೆ ಸೇರಿಸಬಹುದು. ಒಂದು ಸಲ ಬರೆದರೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಆದರೆ ಕಳಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ರಾಯರು ಎಲ್ಲಿಂದಲೋ ಕೊಂಡು ತಂದ ಎರಡು ಸಾವಿರ ನಂಬರಿನ ಪಟ್ಟಿ ಕೆಲಸಕ್ಕೆ ಬಾರದೆ ಹೋದದ್ದಕ್ಕೆ ಇದೇ ಕಾರಣ. ಅಕ್ಕನ ಪಟ್ಟಿಯಲ್ಲಿ ನೂರ ಎಂಬತ್ತು ಚಿಲ್ಲರೆ ಹೆಸರುಗಳಿವೆ. "ಪಾರ್ಕ್ ಎದುರು ಮೇಷ್ಟ್ರು, ಖಾರ ಕಮ್ಮಿ", "ಹಸಿರು ಗೇಟ್ ಅಮ್ಮ, ಅವಲಕ್ಕಿ", "ಡಾಕ್ಟ್ರ ಮನೆ, ಎಳ್ಳು ಹಾಕಬಾರದು" ಎಂದು ಅವರವರ ನಾಲಿಗೆ ಸಮೇತ ಸೇವ್ ಆಗಿವೆ. ಎರಡನೇ ಒಬ್ಬೆ ಬಾಣಲೆಗೆ ಬೀಳುವ ಹೊತ್ತಿಗೆ ಅಕ್ಕ ಎಣ್ಣೆಕೈ ಸೆರಗಿಗೆ ಒರೆಸಿಕೊಂಡು ಬರೆಯುತ್ತಾರೆ: "ನಾಕು ಗಂಟೆಗೆ ಬಿಸಿ ಕೋಡುಬಳೆ ಬರತ್ತೆ. ಬೇಕಾದೋರು ಹೇಳಿ, ಎತ್ತಿಟ್ಟಿರ್ತೀನಿ." ಫೋಟೊ ಇಲ್ಲ, ಸಂಗೀತವಿಲ್ಲ, ಜಿಎಸ್‌ಟಿ ಇಲ್ಲ. ಇಂಥ ಸಂದೇಶ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಿಲ್ಲ. ದಿನಾ ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆಂಬುದು ಅಕ್ಕನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಐದೂವರೆಗೆ ಡಬ್ಬದ ತಳದಲ್ಲಿ ಪುಡಿ ಮಾತ್ರ ಉಳಿದಿರುತ್ತದೆ.

ಖಾಲಿ ಡಬ್ಬ ನೋಡಿದಾಗ ರಾಯರು ಹಿಗ್ಗುತ್ತಾರೆ. "ನೋಡಿದ್ರಾ, ಹೋದ ವಾರದ ರೀಲ್ ಈಗ ಕೆಲಸ ಮಾಡ್ತಿದೆ" ಎಂದು ಮೊಬೈಲನ್ನು ಅಕ್ಕನ ಮುಂದೆ ಹಿಡಿಯುತ್ತಾರೆ. "ಹೌದಾ ಸಾರ್" ಎಂದು ಅಕ್ಕ ತಕ್ಕಡಿ ಒರೆಸುತ್ತಾರೆ. ಮಾರಾಟ ಯಾವ ಪ್ರಚಾರದಿಂದ ಆಯಿತೆಂದು ಪತ್ತೆ ಹಚ್ಚಲು ದೊಡ್ಡ ಕಂಪನಿಗಳು ತಂಡಗಳನ್ನೇ ಇಟ್ಟುಕೊಂಡಿವೆ, ಸಣ್ಣ ಅಂಗಡಿಯಲ್ಲಿ "ಯಾರು ಹೇಳಿದ್ರು ನಮ್ಮ ಅಂಗಡಿ ಬಗ್ಗೆ?" ಎಂದು ಗಿರಾಕಿಯನ್ನು ಕೇಳಿದರೆ ಆದೀತು. ರಾಯರು ಕೇಳಿಲ್ಲ. ಮುಂದಿನ ತಿಂಗಳಿಗೆ ಇನ್ನೊಂದು ಡ್ರೋನ್ ಗೊತ್ತುಮಾಡಿದ್ದಾರೆ.

ಕೋಡುಬಳೆ ಬೇಕಾದವರು ನಾಲ್ಕು ಗಂಟೆಗೆ ಸರಿಯಾಗಿ ಹೋಗುವುದು ಒಳ್ಳೆಯದು. ಮ್ಯಾಪ್ ಏನೇ ಹೇಳಲಿ, ಮಂಗಳವಾರ ಅಂಗಡಿ ತೆಗೆದಿರುತ್ತದೆ.